ಕೆಳಗಿನ ಬೀದಿಯ ಮೆಂಬರ್ ಮುನಿಕೃಷ್ಣಮ್ಮ

ಹುಣಸಮಾರನಹಳ್ಳಿ ದಾಟಿ ಏರ್‌ಪೋರ್ಟ್ ರಸ್ತೆಯಿಂದ ಒಳಗೆ ತಿರುಗಿದರೆ ನಮ್ಮ ತಮ್ಮಸಂದ್ರ. ಅಲ್ಲಿ ಯಾರನ್ನಾದರೂ ಪಂಚಾಯಿತಿ ಮೆಂಬರ್ ಮನೆ ಎಲ್ಲಿ ಎಂದು ಕೇಳಿದರೆ ಅಶ್ವತ್ಥಪ್ಪನ ಮನೆ ತೋರಿಸುತ್ತಾರೆ. ಆದರೆ ಗೆದ್ದು ಬಂದವಳು ಅವನ ಹೆಂಡತಿ ಮುನಿಕೃಷ್ಣಮ್ಮ. ಹಿಂದಿನ ಸಲ ಅವನೇ ಮೆಂಬರ್ ಆಗಿದ್ದ. ಈ ಸಲ ಸೀಟು ಹೆಂಗಸರಿಗೆ ಮೀಸಲಾಯಿತು. ಚುನಾವಣೆಯ ಬ್ಯಾನರಿನಲ್ಲಿ ಅವನ ಮುಖ ದೊಡ್ಡದಾಗಿಯೂ ಆಕೆಯ ಮುಖ ಮೂಲೆಯಲ್ಲಿ ಚಿಕ್ಕದಾಗಿಯೂ ಬಂತು. ಗೆದ್ದ ಮೇಲೂ ಮೊದಮೊದಲು ಮೀಟಿಂಗಿಗೆ ಹೋಗುತ್ತಿದ್ದವನು ಅವನೇ. ಆಕೆ ಮನೆಯಲ್ಲಿ ಹಾಸಿಗೆ ಹಿಡಿದಿದ್ದ ಅತ್ತೆ ಲಕ್ಕಮ್ಮನ ಮಗ್ಗುಲು ಬದಲಾಯಿಸುತ್ತಾ, ಅವನು ತಂದ ಕಾಗದಕ್ಕೆಲ್ಲ ಸಹಿ ಹಾಕುತ್ತಾ ಇದ್ದಳು.

ಅದು ಬದಲಾದದ್ದು ಹೋದ ವರ್ಷದ ಮಳೆಯಲ್ಲಿ.

ಊರ ಕೆರೆ ಕೋಡಿ ಬಿದ್ದರೆ ನೀರು ಹರಿದುಹೋಗಲು ಹಿಂದೆ ಒಂದು ಅಗಲವಾದ ಕಾಲುವೆ ಇತ್ತು. ಈಗ ಅದರ ಎರಡೂ ಪಕ್ಕ ಲೇಔಟ್ ಎದ್ದು, ಕಾಲುವೆ ಚರಂಡಿಯಷ್ಟಾಗಿದೆ. ಜಮೀನು ಮಾರಿದವರು ನಮ್ಮೂರವರೇ, ಅಶ್ವತ್ಥಪ್ಪನೂ ಸೇರಿದಂತೆ. ಅವತ್ತು ಸಂಜೆ ಕೋಡಿ ನೀರು ಲೇಔಟಿನ ಗೋಡೆಗೆ ತಗುಲಿ ತಿರುಗಿ ಊರಿನ ಕೆಳಗಿನ ಬೀದಿಗೆ ನುಗ್ಗಿತು. ಅಶ್ವತ್ಥಪ್ಪ ಆಗ ಮೇನ್ ರೋಡಿನಲ್ಲಿ ಜೆಸಿಬಿ ತರಿಸಿ, ಅಪಾರ್ಟ್‌ಮೆಂಟಿನವರ ಕಾರುಗಳನ್ನು ಎಳೆಸುತ್ತಿದ್ದ. ಯಾರೋ ವೀಡಿಯೊ ಮಾಡಿದರು, ಊರೆಲ್ಲ ನೋಡಿತು. ಮನೆಯಲ್ಲಿ ಮುನಿಕೃಷ್ಣಮ್ಮ ಅತ್ತೆಯನ್ನು ಎತ್ತಿ ಊಟದ ಟೇಬಲ್ಲಿನ ಮೇಲೆ ಮಲಗಿಸಿ, ಮುದುಕಿ ಜಾರದ ಹಾಗೆ ತೋಳಿನಲ್ಲಿ ಒತ್ತಿಹಿಡಿದು, ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಳು. ಕತ್ತಲಾದ ಮೇಲೆ ಗಂಡ ಬಂದು ಬಾಗಿಲಲ್ಲಿ ನಿಂತು, "ಇಲ್ಲಿಗೂ ಬಂದಿತ್ತಾ ನೀರು?" ಎಂದ.

ಮುಂದಿನ ಮೀಟಿಂಗಿಗೆ ಮುನಿಕೃಷ್ಣಮ್ಮ ತಾನೇ ಹೋದಳು. ತಾನಿಲ್ಲದಾಗ ಮತ್ತೆ ನೀರು ಬಂದರೆ ಅತ್ತೆಯ ಗತಿ ಏನು ಎಂಬುದೊಂದೇ ಆಕೆಯ ತಲೆಯಲ್ಲಿತ್ತು.

ಈ ವರ್ಷ ಮಳೆಗಾಲಕ್ಕೆ ಮುಂಚೆ ತಾಲ್ಲೂಕಿನಿಂದ ಆದೇಶ ಬಂತು. ಪ್ರತಿ ಪಂಚಾಯಿತಿಯೂ ನೆರೆ ಬಂದರೆ ಏನು ಮಾಡುತ್ತದೆಂದು ಯೋಜನೆ ಹಾಕಬೇಕು, ಜನರನ್ನು ಸುರಕ್ಷಿತ ಜಾಗಕ್ಕೆ ಕರೆತರುವ ಅಣಕು ಪ್ರದರ್ಶನವನ್ನೂ ಮಾಡಿ ವರದಿ ಕಳಿಸಬೇಕು. ಪಂಚಾಯಿತಿಯ ಪಿಡಿಒ ಅನಂತರಾಜು ಕೆಟ್ಟ ಮನುಷ್ಯನಲ್ಲ. ಆದರೆ ಅವನ ಕೈಯಲ್ಲಿ ಮೂರು ಊರುಗಳ ನೀರು, ಬೀದಿದೀಪ, ಕಸ ಎಲ್ಲವೂ ಇದ್ದವು. ಭಾನುವಾರ ಬೆಳಗ್ಗೆ ಮಾಡಿ ಮುಗಿಸೋಣ ಎಂದ. ಹಾಲಿನ ಡೈರಿಯ ಮೈಕಿನಲ್ಲಿ ಕೂಗಿಸಿದರೆ ಕೆಳಗಿನ ಬೀದಿಯವರು ಎತ್ತರದಲ್ಲಿರುವ ಶಾಲೆಗೆ ಬರಬೇಕು, ಅಷ್ಟೇ. ಬಂದವರಿಗೆ ಊಟ ಇರಲಿ ಎಂದು ಗಂಡಸರು ತೀರ್ಮಾನಿಸಿದರು. ಊಟ ಎಂದ ಮೇಲೆ ಯಾರು ಮಾಡಬೇಕೆಂದು ಯಾರೂ ಚರ್ಚಿಸಲಿಲ್ಲ.

ಭಾನುವಾರ ಪ್ರದರ್ಶನ ಚೆನ್ನಾಗಿಯೇ ನಡೆಯಿತು. ಮೈಕು ಕೂಗಿದ್ದೇ ತಡ, ಗಂಡಸರು ಇಸ್ತ್ರಿ ಶರಟು ತೊಟ್ಟು ನಗುನಗುತ್ತಾ ಶಾಲೆಗೆ ನಡೆದು ಬಂದರು. ಅನಂತರಾಜು ಫೋಟೊ ತೆಗೆಸಿ, ಇಷ್ಟು ಬೇಗ ಇಡೀ ಬೀದಿ ಖಾಲಿಯಾದದ್ದು ತಾಲ್ಲೂಕಿಗೇ ಮಾದರಿ ಎಂದು ಹೊಗಳಿದ. ಶಾಲೆಯ ಅಡುಗೆಮನೆಯಿಂದ ಮುನಿಕೃಷ್ಣಮ್ಮ ಸೌಟು ಹಿಡಿದೇ ಹೊರಗೆ ಬಂದಳು.

"ಸಾರ್, ಕೆಳಗಿನ ಬೀದಿ ಎಂಗಸ್ರನ್ನ ಕರ್ಕೊಂಡು ಬಂದೋರು ಯಾರು?"

"ಎಲ್ರೂ ಇಲ್ಲೇ ಇದ್ದೀರಲ್ಲ ಮೇಡಂ, ಅಡುಗೆಮನೇಲಿ."

"ನಾವು ಬೆಳಗ್ಗೆ ಈರುಳ್ಳಿ ಎಚ್ಚೋಕೆ ಬಂದೋರು. ನೀರು ಬರೋ ದಿನ ನಾವು ಇಲ್ಲಿರಲ್ಲ, ಮನೇಲಿರ್ತೀವಿ. ನಮ್ಮತ್ತೆ ಈಗ್ಲೂ ಮನೇಲೇ ಅವ್ರೆ. ಇವತ್ತು ನೀರು ಬಂದಿದ್ರೆ ಪಲಾವ್ ಒಂದು ಉಳೀತಿತ್ತು."

ಗಂಡಸರು ನಕ್ಕರು. ಅನಂತರಾಜು ನಗಲಿಲ್ಲ. ವರದಿ ಆಗಲೇ ತಯಾರಾಗಿದೆ, ಇನ್ನು ಬದಲಾಯಿಸೋದು ಕಷ್ಟ ಎಂದು ಮೆಲ್ಲಗೆ ಹೇಳಿದ. ಹಾಗಾದರೆ ಕಳಿಸಬೇಡಿ, ಇನ್ನೊಂದು ಸಲ ಮಾಡಿಸಿ, ಈ ಸಲ ಕುಕ್ಕರ್ ಕೂಗುವ ಹೊತ್ತಿಗೆ, ಹೇಳದೆ ಕೇಳದೆ ಮಾಡಿಸಿ ಎಂದಳು ಆಕೆ. ಒಪ್ಪದಿದ್ದರೆ ಸಾಮಾನ್ಯ ಸಭೆಯಲ್ಲಿ ಇದನ್ನೇ ಕೇಳುವುದಾಗಿಯೂ ಸೇರಿಸಿದಳು. ಅವನು ಒಪ್ಪಿದ.

ಆ ವಾರವೇ ಒಂದು ಸಂಜೆ ಮೈಕು ಕೂಗಿತು. ಆಗ ಕಂಡದ್ದನ್ನು ಕೆಳಗಿನ ಬೀದಿ ಇವತ್ತಿಗೂ ಹೇಳಿಕೊಂಡು ನಗುತ್ತದೆ. ನಾಗಭೂಷಣ ಎಲ್ಲರಿಗಿಂತ ಮೊದಲು ಹೊರಗೆ ಬಂದ, ಬೈಕಿನ ಸಮೇತ. ಅವನ ಹೆಂಡತಿ ಸುಮಾ ಒಲೆ ಆರಿಸಿ, ಮಗುವನ್ನು ಎತ್ತಿಕೊಂಡು, ಬಾಗಿಲ ತನಕ ಬಂದು, ಮೈಮೇಲೆ ನೈಟಿ ಇರುವುದು ನೆನಪಾಗಿ ಸೀರೆ ಉಡಲು ಒಳಗೆ ಓಡಿದಳು. ಅವಳೊಬ್ಬಳೇ ಅಲ್ಲ. ಬೀದಿಯ ಮುಕ್ಕಾಲು ಪಾಲು ಹೆಂಗಸರು ಆ ಹೊತ್ತಿಗೆ ನೈಟಿಯಲ್ಲಿದ್ದರು, ನೈಟಿಯಲ್ಲಿ ಶಾಲೆಗೆ, ಗಂಡಸರ ಮುಂದೆ ಬರಲು ಯಾರಿಗೂ ಕಾಲು ಏಳಲಿಲ್ಲ. ಗಂಡಂದಿರು ಗೇಟಿನಲ್ಲಿ ನಿಂತು ಬೇಗ ಬಾ ಎಂದು ರೇಗುತ್ತಿದ್ದರು. ಗ್ಯಾಸಿನ ರೆಗ್ಯುಲೇಟರ್ ಯಾವ ಕಡೆ ತಿರುಗಿಸಬೇಕು, ಅಪ್ಪನ ಬಿಪಿ ಮಾತ್ರೆ ಎಲ್ಲಿದೆ ಎಂಬುದು ಅವರಲ್ಲಿ ಬಹಳ ಜನಕ್ಕೆ ಗೊತ್ತಿರಲಿಲ್ಲ. ಒಳಗಿನ ಕೆಲಸ ಅಷ್ಟೂ ಒಬ್ಬೊಬ್ಬ ಹೆಂಗಸಿನ ತಲೆಯ ಮೇಲಿತ್ತು. ಅದಕ್ಕೇ ಅವಳು ಕೊನೆಗೆ ಬರುತ್ತಿದ್ದಳು.

ಮುನಿಕೃಷ್ಣಮ್ಮ ತನ್ನ ಮನೆಯ ಗೇಟಿನ ಹೊರಗೆ ಬೇಕೆಂದೇ ಕೈಕಟ್ಟಿ ನಿಂತಿದ್ದಳು. ಒಳಗಿಂದ ಗಂಡನ ದನಿ ಕೇಳುತ್ತಿತ್ತು, ಅದಕ್ಕಿಂತ ಜೋರಾಗಿ ಅತ್ತೆಯದು.

"ಮುಟ್ಬೇಡ ಕಣೋ ನನ್ನ. ಗಂಡುಮಗ ಎತ್ಕೊಂಡೋಗೋ ಅಷ್ಟು ಗತಿಗೆಟ್ಟಿಲ್ಲ ನಾನು. ಎಲ್ಲವ್ಳೆ ಅವ್ಳು, ಕರಿ."

ಅಶ್ವತ್ಥಪ್ಪ ಬೆವರುತ್ತಾ ಹೊರಗೆ ಬಂದು, "ಬಾರೇ, ಎಷ್ಟೊತ್ತು ಆಟ ಆಡ್ತೀಯ?" ಎಂದ. ಆಕೆ ಕದಲಲಿಲ್ಲ. ಪಕ್ಕದಲ್ಲಿ ನಿಂತಿದ್ದ ಅನಂತರಾಜುವಿನ ಕಡೆ ತಿರುಗಿ, "ಬರ್ಕೊಳಿ ಸಾರ್. ಮೆಂಬರ್ ಮನೇಲಿ ಒಬ್ರು ಒಳಗೇ ಉಳಿದ್ರು," ಎಂದಳು.

ಬೀದಿಯವರ ಮುಂದೆ ಹೀಗಾದದ್ದಕ್ಕೆ ಅಶ್ವತ್ಥಪ್ಪ ಅವತ್ತು ಊಟ ಬಿಟ್ಟ. ಆಕೆ ಊಟ ಮಾಡಿದಳು.

ಮುಂದಿನ ಅಭ್ಯಾಸಕ್ಕೆ ಆಕೆ ನೈಟಿಯಲ್ಲೇ, ಹೆಗಲ ಮೇಲೊಂದು ಟವೆಲು ಹೊದ್ದು, ಊರ ನಡುವಿನಿಂದ ಶಾಲೆಯ ತನಕ ನಡೆದಳು. ಐವತ್ತು ದಾಟಿದ, ಮದುವೆ ಮುಂಜಿಗೆ ತಲೆ ತುಂಬ ಹೂ ಮುಡಿದು ಹೋಗುವ ಹೆಂಗಸು. ಡೈರಿಯ ಕಟ್ಟೆಯಲ್ಲಿ ಕೂತಿದ್ದವರು ತಲೆ ತಗ್ಗಿಸಿದರು. ಸುಮಾ ಬಾಗಿಲಲ್ಲಿ ನಿಂತು ನೋಡಿ, ಮಗುವನ್ನು ಸೊಂಟಕ್ಕೇರಿಸಿಕೊಂಡು ಹಾಗೇ ಹಿಂದೆ ಬಂದಳು. ಆಮೇಲೆ ಉಳಿದವರು ಬಂದರು. ಸೀರೆಗಾಗಿ ಒಳಗೆ ಓಡುವುದು ಅವತ್ತಿಗೆ ನಿಂತಿತು. ಮನೆಮನೆಗೆ ಹೋಗಿ, ಒಂದು ಸಂಜೆ ಹೆಂಗಸರನ್ನು ಹೊರಗೆ ಕೂರಿಸಿ, ಒಳಗಿನದನ್ನೆಲ್ಲ ಗಂಡಸರೇ ಮಾಡುವಂತೆ ಆಕೆ ಹಟ ಹಿಡಿದಳು. ಯೋಜನೆಯಲ್ಲಿ ಇದು ಯಾವ ಕಾಲಮ್ಮಿಗೆ ಸೇರುತ್ತದೆ ಎಂದು ಅನಂತರಾಜು ತಲೆ ಕೆರೆದುಕೊಂಡ. ಕೊನೆಗೆ "ಇತರೆ" ಎಂಬಲ್ಲಿ ಬರೆದ.

ಕಷ್ಟವಾದದ್ದು ಆಕೆಯ ಮನೆಯಲ್ಲೇ. ಬೆಳಗ್ಗೆ ಅತ್ತೆಯನ್ನು ಮಗ್ಗುಲಾಗಿಸುವ, ಎತ್ತಿ ಕುರ್ಚಿಗೆ ಕೂರಿಸುವ ಹೊತ್ತಿಗೆ ಆಕೆ ಗಂಡನನ್ನು ಕರೆದು, ಹೇಗೆ ಹಿಡಿಯಬೇಕೆಂದು ತೋರಿಸಿ, ಹಿತ್ತಿಲಿಗೆ ಹೋಗಿಬಿಡುತ್ತಿದ್ದಳು. ಲಕ್ಕಮ್ಮ ಸೊಸೆಯ ಜೊತೆ ಮಾತು ಬಿಟ್ಟಳು. ಇಷ್ಟು ವರ್ಷ ಮಾಡಿ ಈಗ ಬೇಜಾರಾಯಿತೇನೋ ಎಂದು ಬಂದವರ ಮುಂದೆ ಕಣ್ಣೊರೆಸಿಕೊಂಡಳು. ಆ ಮಾತು ಮುನಿಕೃಷ್ಣಮ್ಮನಿಗೆ ತಾಗದೆ ಇರಲಿಲ್ಲ. ಒಂದು ದಿನ ಅತ್ತೆಯ ತಲೆ ಬಾಚುತ್ತಾ ಹೇಳಿದಳು: "ಬೇಜಾರಾಗಿದ್ರೆ ಸುಮ್ನಿರ್ತಿದ್ದೆ ಅತ್ತೆ. ನಾನೊಬ್ಳೇ ನಿಮ್ಗೆ ದಿಕ್ಕಾದ್ರೆ, ನಾನಿಲ್ದಿದ್ದ ದಿನ ನಿಮ್ಗೆ ಯಾರೂ ಇಲ್ಲ." ಲಕ್ಕಮ್ಮ ಗೋಡೆ ಕಡೆ ಮುಖ ಮಾಡಿಕೊಂಡಳು.

ಆ ದಿನ ಸೆಪ್ಟೆಂಬರಿನಲ್ಲಿ ಬಂತು. ತಾಲ್ಲೂಕು ಕಚೇರಿಯ ಸಭೆಗೆಂದು ಮುನಿಕೃಷ್ಣಮ್ಮ ಯಲಹಂಕಕ್ಕೆ ಹೋಗಿದ್ದಳು. ಮಧ್ಯಾಹ್ನ ಕವಿದ ಮೋಡ ಒಡೆದು ಸುರಿಯತೊಡಗಿತು. ವಾಪಸು ಬರುವಾಗ ಬಸ್ಸು ಅರ್ಧ ದಾರಿಯಲ್ಲಿ ನಿಂತಿತು, ಮುಂದೆ ಅಂಡರ್‌ಪಾಸ್ ತುಂಬಿತ್ತು. ಕೆರೆ ಕೋಡಿ ಬಿತ್ತೆಂದು ಅನಂತರಾಜು ಫೋನಿನಲ್ಲಿ ಹೇಳಿದ, ಡೈರಿಯ ಮೈಕು ಕೂಗುವುದು ಅವನ ಮಾತಿನ ಹಿಂದೆಯೇ ಕೇಳಿತು. ಆಕೆ ಗಂಡನಿಗೆ ಫೋನ್ ಮಾಡಿದಳು. ಅವನು ಎತ್ತಲಿಲ್ಲ. ಮತ್ತೆ ಮಾಡಲು ಬೆರಳಿಟ್ಟವಳು ತಡೆದುಕೊಂಡಳು. ಅತ್ತೆಯನ್ನು ಎತ್ತಲು ಅವನಿಗೆ ಎರಡು ಕೈಯೂ ಬೇಕು. ಫೋನನ್ನು ಚೀಲಕ್ಕೆ ಹಾಕಿ ಬಸ್ಸಿಳಿದು ಮಳೆಯಲ್ಲಿ ನಡೆದಳು. ಹೋದ ವರ್ಷದ ಹಾಗೆ ಅವನು ಜೆಸಿಬಿಯ ಹಿಂದೆ ಹೋಗಿದ್ದರೆ? ಹೋಗಿಲ್ಲವೆಂದು ಹೇಳಲು ಆಕೆಯ ಹತ್ತಿರ ಏನೂ ಇರಲಿಲ್ಲ.

ಶಾಲೆಯಲ್ಲಿ ದೀಪ ಉರಿಯುತ್ತಿತ್ತು. ಕೆಳಗಿನ ಬೀದಿ ಬಹುಪಾಲು ನೈಟಿ, ಲುಂಗಿಗಳಲ್ಲೇ ಅಲ್ಲಿ ಕೂತಿತ್ತು. ಬಾಗಿಲಲ್ಲಿದ್ದ ಅನಂತರಾಜು, ಯಾರೂ ಒಳಗೆ ಉಳಿದಿಲ್ಲ ಮೇಡಂ ಎಂದ. ಬೈಕು ಮುಳುಗಿತು ಎಂದು ಸುಮಾ ತನ್ನ ಗಂಡ ನಾಗಭೂಷಣನನ್ನು ತೋರಿಸಿದಳು. ಮಗು ಅವನ ತೊಡೆಯ ಮೇಲೆ ನಿದ್ದೆ ಮಾಡುತ್ತಿತ್ತು. ಎರಡು ಬೆಂಚು ಸೇರಿಸಿದ ಕಡೆ, ಒಣ ಕಂಬಳಿಯಲ್ಲಿ ಲಕ್ಕಮ್ಮ ಮಲಗಿದ್ದಳು. ತಲೆದಿಂಬಿನ ಕೆಳಗೆ ಮಾತ್ರೆಯ ಡಬ್ಬಿ ಇತ್ತು. ಅಶ್ವತ್ಥಪ್ಪ ಸೊಂಟಕ್ಕೆ ಕೈಯಿಟ್ಟುಕೊಂಡು ಗೋಡೆಗೆ ಒರಗಿ ಕೂತಿದ್ದ. ಎದೆಯ ತನಕ ಒದ್ದೆಯಾಗಿದ್ದ.

ಮುನಿಕೃಷ್ಣಮ್ಮ ಅತ್ತೆಯ ಕಾಲು ಮುಟ್ಟಿ ನೋಡಿದಳು. ಬೆಚ್ಚಗಿತ್ತು. ಆಗಲೇ ಆಕೆ ಪಕ್ಕದಲ್ಲಿ ನೆಲದ ಮೇಲೆ ಕೂತದ್ದು.

"ಒರಟು ಕೈ ಕಣಮ್ಮಿ ಇವಂದು," ಎಂದಳು ಲಕ್ಕಮ್ಮ. ಎಷ್ಟೋ ದಿನಗಳ ಮೇಲೆ ಸೊಸೆಗೆ ಆಡಿದ ಮೊದಲ ಮಾತು ಅದು. "ಮೂಟೆ ಎತ್ತಿದಂಗೆ ಎತ್ತಿದ."

ಸ್ವಲ್ಪ ಹೊತ್ತಿಗೆ ಮುದುಕಿಗೆ ಮಗ್ಗುಲು ನೊಂದಿತು. ಒದ್ದೆ ಸೀರೆಯಲ್ಲಿ ನಡುಗುತ್ತಲೇ ಮುನಿಕೃಷ್ಣಮ್ಮ ಏಳಲು ಹೋದಳು. ಲಕ್ಕಮ್ಮ ಸೊಸೆಯ ತೋಳು ಹಿಡಿದಳು.

"ನೀನು ಕೂತ್ಕೊ. ಅವನೇ ಬರ್ಲಿ."