ಎರಡನೆಯ ಗ್ಲೈಸಿನ್

ಅಮೋಗಸಿದ್ಧ ಏನು ಕೆಲಸ ಮಾಡುತ್ತಾನೆಂದು ಚಪಳಗಾಂವದಲ್ಲಿ ಕೇಳಿದರೆ, "ಸೋಲಾಪುರದಾಗ ಡಬ್ಬಿಗೆ ಗುಳಗಿ ತುಂಬ್ತಾನ" ಎನ್ನುತ್ತಾರೆ. ಊರವರಿಗೆ ಅಷ್ಟೇ ಗೊತ್ತು, ಪಾಪ. ರವೆಗಿಂತ ಸಣ್ಣ ರಾಳದ ಮಣಿಗಳ ಮೇಲೆ ಅಮೈನೊ ಆಮ್ಲಗಳನ್ನು ಒಂದಾದ ಮೇಲೊಂದು ಕೂಡಿಸಿ ಪೆಪ್ಟೈಡ್ ಸರ ಕಟ್ಟುವುದು, ಕೊನೆಗೆ ಅದರ ತುದಿಗೆ ಡಿಎನ್‌ಎಯ ಗಿಡ್ಡ ಎಳೆಯೊಂದನ್ನು ಬೆಸೆಯುವುದು ಅವನ ಕೆಲಸ. ಎಳೆ ರೋಗವನ್ನು ತಡೆಯಬೇಕು. ಸರ ಆ ಎಳೆಯನ್ನು ಜೀವಕೋಶದೊಳಕ್ಕೆ ಕರೆದೊಯ್ಯಬೇಕು. ಹತ್ತನೆಯ ಇಯತ್ತೆಗೆ ಸಾಲೆ ಬಿಟ್ಟವನು ಎಂಟು ವರ್ಷದಲ್ಲಿ ಇದನ್ನೆಲ್ಲ ಕೈಯಿಂದಲೇ ಕಲಿತಿದ್ದ.

ಅವನ ರೀತಿಯೊಂದು ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ. ಅವ್ವ ಹಣಮವ್ವ ಕುರಿಗಳನ್ನು ಎಣಿಸಲು ಯಾರನ್ನೂ ಬಿಟ್ಟವಳಲ್ಲ. ಎಣಿಸಿದರೆ ದೃಷ್ಟಿ ತಾಗುತ್ತದೆಂಬ ಭಯ. ಸಂಜೆ ಒಂದೊಂದರ ಹೆಸರು ಕರೆದು ದೊಡ್ಡಿಗೆ ಬಿಡುತ್ತಿದ್ದಳು. ಮಗನೂ ಹಾಗೆಯೇ. ಪ್ರತಿ ಹೆಜ್ಜೆಗೂ ಸಹಿ ಹಾಕಬೇಕಾದ ಕೆಲಸದ ಹಾಳೆಯಲ್ಲಿ ಕ್ರಮದ ಅಂಕಿಗಳಿದ್ದರೂ ಅವನು ನೋಡುತ್ತಿದ್ದುದು ಹೆಸರನ್ನು. ಲೈಸಿನ್ ಬಂತು, ಅರ್ಜಿನಿನ್ ಬಂತು ಎಂದು ಗುನುಗುತ್ತ ಹಾಕುವುದು, ದಿನದ ಕೊನೆಗೆ ಎಲ್ಲಕ್ಕೂ ಒಟ್ಟಿಗೆ ಸಹಿ. ಮೇಲ್ವಿಚಾರಕಿ ಶುಭಾಂಗಿ ಅವನನ್ನು ನಂಬಿ, ನೋಡಿದ್ದೇನೆಂದು ಪಕ್ಕದಲ್ಲಿ ತಾನೂ ಸಹಿ ಹಾಕುತ್ತಿದ್ದಳು.

ಆ ಗುರುವಾರ ಸಂಜೆ ಮೇಜು ಒರೆಸುವಾಗ ತಕ್ಕಡಿಯ ಹಿಂದೆ ಪುಟ್ಟ ಬಾಟಲಿಯೊಂದು ಸಿಕ್ಕಿತು. ತೂಗಿಟ್ಟ ಗ್ಲೈಸಿನ್ ಪುಡಿ ಹಾಗೆಯೇ ಇತ್ತು. ಈ ಸರದಲ್ಲಿ ಗ್ಲೈಸಿನ್ ಸಾಲಾಗಿ ಎರಡು ಸಲ ಬರಬೇಕು. ಒಮ್ಮೆ ಹೆಸರು ಗುನುಗಿ ಅವನು ಮುಂದೆ ಹೋಗಿಬಿಟ್ಟಿದ್ದ.

ಬಾಟಲಿಯನ್ನು ಕಸಕ್ಕೆ ಹಾಕಿದರೆ ಮುಗಿಯಿತು. ಹಾಳೆಯಲ್ಲಿ ಸಹಿ ಆಗಿಹೋಗಿದೆ. ಸರದ ಪರೀಕ್ಷೆ ಪುಣೆಯಲ್ಲಿ, ಫಲಿತಾಂಶಕ್ಕೆ ಒಂದು ವಾರ. ಆಮೇಲೆ ಯಾರ ತಪ್ಪೆಂದು ಹೇಳುವವರು ಯಾರು? ಆದರೆ ಮರುದಿನ ಬೆಳಿಗ್ಗೆಯೇ ಡಿಎನ್‌ಎ ಎಳೆಯನ್ನು ಬೆಸೆಯುವುದಿತ್ತು. ಐದು ತಿಂಗಳು ಕಾದು ತರಿಸಿದ್ದು, ಒಂದೇ ಸಲಕ್ಕಾಗುವಷ್ಟು. ಕೆಟ್ಟ ಸರಕ್ಕೆ ಬೆಸೆದರೆ ಅದೂ ಹಾಳು. ಹೇಳೋಣವೆಂದರೆ, ಮುಂದಿನ ತಿಂಗಳು ಅವನ ನೌಕರಿ ಕಾಯಂ ಆಗುವುದಿತ್ತು. ಕೈ ಒಂದು ಗಳಿಗೆ ಕಸದ ಡಬ್ಬಿಯತ್ತ ಹೋಗಿಯೇ ಹೋಯಿತು. ತನ್ನ ಮೇಲೆ ತನಗೇ ನಾಚಿಕೆಯಾಗಿ ಅವನು ಹೊರಗೆ ಓಡಿದ.

ಶುಭಾಂಗಿ ಸ್ಕೂಟಿ ತೆಗೆಯುತ್ತಿದ್ದಳು.

"ಮ್ಯಾಡಮ್, ನನ್ನಿಂದ ಚುಕ್ ಆಗೇತ್ರಿ. ಎರಡನೇ ಗ್ಲೈಸಿನ್ ಹಾಕಿಲ್ರಿ. ನಾಳಿ ಡಿಎನ್‌ಎ ಕೂಡಸಬ್ಯಾಡ್ರಿ."

ಅವಳು ಒಳಗೆ ಬಂದು ಹಾಳೆ ತೆಗೆದಳು. ಎರಡನೆಯ ಗ್ಲೈಸಿನ್‌ನ ಸಾಲಿನಲ್ಲೂ ಅವನ ಸಹಿ, ಪಕ್ಕದಲ್ಲಿ ಅವಳದು.

"ನೋಡಲಾರದ ನಾನೂ ಸಹಿ ಮಾಡೀನಿ, ಕಾಕಾ."

"ನಿಮ್ಮ ಹೆಸರ ಬ್ಯಾಡ್ರಿ. ನಾ ಒಬ್ಬನ ಹೇಳ್ತೀನಿ."

"ನನ್ನ ಕೈಲೆ ಮಾಡಿದ ಸಹಿ ಅದು. ನಡೀರಿ, ಸಾಹೇಬರ ಕಡೆ ಇಬ್ಬರೂ ಹೋಗೂಣು."

ಸಾಹೇಬ ಗುರುನಾಥ ಇಬ್ಬರಿಗೂ ಚೆನ್ನಾಗಿ ಬೈದ. ಎಳೆ ಉಳಿಯಿತು, ಸರವನ್ನು ಚೆಲ್ಲಬೇಕಾಯಿತು. ಅವನು ಕಾಯಂ ಆಗುವ ಮಾತು ಒಂದು ವರ್ಷ ಮುಂದಕ್ಕೆ ಹೋಯಿತು. ಶುಭಾಂಗಿಗೂ ತಾಕೀತಿನ ಪತ್ರ ಬಂತು.

ಸೋಮವಾರ ಹೊಸ ಸರ ಶುರುವಾಯಿತು. ಶುಭಾಂಗಿ ಸ್ಟೂಲು ಎಳೆದುಕೊಂಡು ಅವನ ಪಕ್ಕದಲ್ಲೇ ಕೂತಳು. ಅಮೋಗಸಿದ್ಧನಿಗೆ ಸಂಕಟವಾಯಿತು.

"ಈಗ ನನ್ನ ಮ್ಯಾಲ ಭರೋಸಾ ಉಳದಿಲ್ಲ ಅಲ್ರಿ?"

"ಭರೋಸಾ ಐತ್ರಿ, ಕಾಕಾ. ಎಂಟು ವರ್ಷ ನಿಮ್ಮನ್ನ ಇಲ್ಲಿ ಒಬ್ಬರನ್ನ ಬಿಟ್ಟಿದ್ದು ನಮ್ಮ ಚುಕ್."

ಅವನ ಕಣ್ಣು ತುಂಬಿ ಬಂತು. ತೂಕದ ಅಂಕಿ ಕಾಣದೆ, ತಕ್ಕಡಿಯನ್ನು ಮೆಲ್ಲಗೆ ಅವಳತ್ತ ತಿರುಗಿಸಿದ.