ಹೆಮ್ಮಾಡಿಯ ಅರ್ಧ ಗಂಟೆ

ನನ್ನ ಮೊದಲನೆಯ ವಿದ್ಯುತ್ ಕಾರಿಗೆ ಶೋರೂಮಿನವರು ಹೇಳಿದ್ದು ಹನ್ನೆರಡು ಲಕ್ಷದ ನಲವತ್ತು ಸಾವಿರ. ನಾನು ಕೊಟ್ಟದ್ದು ಹನ್ನೊಂದು ಲಕ್ಷದ ಎಪ್ಪತ್ತೆರಡು ಸಾವಿರ. ಆ ದರದೊಳಗೇ ಕಾಲಡಿಗೆ ಹಾಸುವ ನಾಲ್ಕು ಮ್ಯಾಟು, ಮುಂದಿಡಲು ಒಂದು ಪುಟ್ಟ ಗಣಪತಿ, ಮತ್ತು ಶೋರೂಮಿನ ಹೆಸರು ಅಚ್ಚಾದ ಒಂದು ಕೊಡೆ. ಕಾರಿಗೆ ಕೊಡೆ ಯಾಕೆ ಎಂದು ನೀವು ಕೇಳಬಹುದು. ಬೇಕಾಗಿರಲಿಲ್ಲ, ಆದರೆ ವ್ಯಾಪಾರ ಕುದುರಿ ಕೈಕುಲುಕಿದ ಮೇಲೂ ಏನಾದರೊಂದನ್ನು ಕೇಳಿ ಪಡೆಯದಿದ್ದರೆ ನನಗೆ ಆ ದಿನದ ಊಟ ಜೀರ್ಣವಾಗುವುದಿಲ್ಲ. ಪೆಟ್ರೋಲು ಬಿಟ್ಟು ಕರೆಂಟಿಗೆ ಬಂದದ್ದೂ ಪರಿಸರಪ್ರೇಮದಿಂದಲ್ಲ, ಒಂದೆರಡು ಸಭೆಗಳಲ್ಲಿ ಹಾಗೆಂದು ನಾನೇ ಹೇಳಿಕೊಂಡಿದ್ದೇನಾದರೂ. ಪೆಟ್ರೋಲ್ ಬಂಕಿನಲ್ಲಿ ಚೌಕಾಸಿ ನಡೆಯುವುದಿಲ್ಲ. ಬೋರ್ಡಿನಲ್ಲಿ ಬರೆದಷ್ಟನ್ನು ಮೂಕನಾಗಿ ಎಣಿಸಿ ಕೊಟ್ಟು ಬರುವುದು ನನ್ನಂಥವನ ಆತ್ಮಗೌರವಕ್ಕೆ ವಾರಕ್ಕೊಮ್ಮೆ ಬೀಳುತ್ತಿದ್ದ ಪೆಟ್ಟು.

ನನ್ನ ವೃತ್ತಿಯೇ ಹಾಗೆ. ಮುಚ್ಚುವ ಹೋಟೆಲುಗಳಿಂದ ರುಬ್ಬುವ ಯಂತ್ರ, ಸ್ಟೀಲಿನ ಮೇಜು, ಹಂಡೆ, ಕಡಾಯಿಗಳನ್ನು ಕೊಂಡು, ತೆರೆಯುವ ಹೋಟೆಲುಗಳಿಗೆ ಮಾರುವವನು ನಾನು. ಬ್ರಹ್ಮಾವರದಲ್ಲಿ ನನ್ನದೊಂದು ಗೋದಾಮು ಇದೆ. ಒಬ್ಬರ ಕಣ್ಣೀರನ್ನೂ ಇನ್ನೊಬ್ಬರ ಗಣಹೋಮವನ್ನೂ ಒಂದೇ ವಾರದಲ್ಲಿ ನೋಡಿ ನೋಡಿ, ಹೇಳಿದ ಬೆಲೆ ಎಂಬುದು ಯಾವತ್ತೂ ನಿಜವಾದ ಬೆಲೆಯಲ್ಲ ಎಂಬ ವೇದಾಂತ ನನ್ನ ರಕ್ತಕ್ಕೆ ಇಳಿದಿದೆ. ಹಾಗಾಗಿ ಕಾರಿನ ಕಂಪನಿಯವರು ಒಂದು ಚಾರ್ಜಿಗೆ ಇಷ್ಟು ಕಿಲೋಮೀಟರು ಓಡುತ್ತದೆ ಎಂದಾಗ ನಾನು ಮನಸ್ಸಿನಲ್ಲೇ ಅದರ ಮೂರನೇ ಒಂದು ಪಾಲನ್ನು ಕಳೆದುಬಿಟ್ಟೆ. ಮೀನಿನವಳು ತಲೆಯ ಬುಟ್ಟಿ ಇಳಿಸುವ ಮೊದಲೇ ಹೇಳುವ ದರವನ್ನು ಯಾರಾದರೂ ಕೊಡುತ್ತಾರೆಯೇ? ನನ್ನ ಲೆಕ್ಕ ತಪ್ಪಲಿಲ್ಲ. ಮೂರು ವರ್ಷ ಆ ಪುಟ್ಟ ಕಾರು ನಾನು ಕಳೆದು ಉಳಿಸಿದಷ್ಟು ದೂರವನ್ನು ಚಾಚೂ ತಪ್ಪದೆ ಓಡಿತು. ತಪ್ಪಿದವನು ನಾನು, ಅದೂ ಒಂದೇ ಒಂದು ದಿನ. ಆ ದಿನದ ಕಥೆಯನ್ನು ಹೇಳದೆ ಮುಂದಿನ ಕಾರಿನ ಆಯ್ಕೆಗೆ ಹೋಗುವಂತಿಲ್ಲ.

ಮಗಳು ಅಶ್ವಿನಿಯನ್ನು ಬಿಜೂರಿಗೆ ಕೊಟ್ಟಿದ್ದೇವೆ. ಅವಳ ಸೀಮಂತ ಅಲ್ಲಿಯೇ, ಗಂಡನ ಮನೆಯಲ್ಲಿ. ಹನ್ನೊಂದು ಗಂಟೆಯ ಮುಹೂರ್ತಕ್ಕೆ ತಾಯಿ ಮಗಳಿಗೆ ಹೂ ಮುಡಿಸಬೇಕು. ಅದಕ್ಕಾಗಿ ನನ್ನ ಹೆಂಡತಿ ವಾರಿಜ ಹಿಂದಿನ ದಿನವೇ ಆರು ಚೆಂಡು ಮಲ್ಲಿಗೆ ತರಿಸಿ, ಒದ್ದೆ ಬಾಳೆಲೆಯಲ್ಲಿ ಸುತ್ತಿ ಇಟ್ಟಿದ್ದಳು. ಅದೇ ಬೆಳಗ್ಗೆ ಅಮಾಸೆಬೈಲಿನಿಂದ ಫೋನು. ಅಡುಗೆಯ ಕಂಟ್ರಾಕ್ಟು ಬಿಟ್ಟ ಒಬ್ಬರು ಎರಡು ದೊಡ್ಡ ತಾಮ್ರದ ಹಂಡೆ ಮಾರುತ್ತಾರೆ, ತಡಮಾಡಿದರೆ ಇನ್ನೊಬ್ಬ ವ್ಯಾಪಾರಿ ಬರುತ್ತಾನೆ. ರಾತ್ರಿ ಕರೆಂಟು ಕೈಕೊಟ್ಟು ಕಾರು ಮುಕ್ಕಾಲು ಮಾತ್ರ ತುಂಬಿತ್ತು. ಆದರೂ ಬೆಳಕು ಹರಿಯುವ ಮೊದಲೇ ಗುಡ್ಡ ಹತ್ತಿದೆ, ಹಂಡೆ ಕುದುರಿಸಿದೆ, ಇಳಿಸಿಡಲು ಪುರುಸೊತ್ತಿಲ್ಲದೆ ಒಂದನ್ನು ಡಿಕ್ಕಿಯಲ್ಲೂ ಒಂದನ್ನು ಹಿಂದಿನ ಸೀಟಿನಲ್ಲೂ ಇಟ್ಟುಕೊಂಡೇ ಬಂದು ವಾರಿಜಳನ್ನು ಮುಂದೆ ಕೂರಿಸಿ ಬಿಜೂರಿಗೆ ಹೊರಟೆ.

ಹೆಮ್ಮಾಡಿಗೆ ಬರುವಾಗ ಶೇಕಡಾ ಒಂಬತ್ತು ಉಳಿದಿತ್ತು. ಹೆದ್ದಾರಿಯ ಬದಿಗೇ ಚಾರ್ಜಿಂಗ್ ಯಂತ್ರವಿತ್ತು. ಅರ್ಧ ಗಂಟೆ ನಿಂತರೆ ಸಾಕು, ಸಮಯವೂ ಇತ್ತು. ನಾನು ಇಳಿದು ಹೋಗಿ ಫೋನಿನಲ್ಲಿ ದರ ನೋಡಿದೆ: ಮನೆಯ ಯೂನಿಟ್ಟಿನ ಎರಡೂವರೆ ಪಾಲು! ಒಟ್ಟು ಲೆಕ್ಕ ಹಾಕಿದರೆ ಹೆಚ್ಚಾಗುತ್ತಿದ್ದುದು ನೂರೈವತ್ತು ರೂಪಾಯಿ. ಅಷ್ಟನ್ನು ಕೊಟ್ಟಿದ್ದರೆ ಈ ಪ್ರಬಂಧವೇ ಹುಟ್ಟುತ್ತಿರಲಿಲ್ಲ. ಆದರೆ ಬೆಳಗ್ಗೆಯಷ್ಟೇ ಹಂಡೆಯ ವ್ಯಾಪಾರದಲ್ಲಿ ಗೆದ್ದು ಬಂದವನಿಗೆ ಒಂದು ಯಂತ್ರದ ಮುಂದೆ ಸೋಲುವುದು ಕಷ್ಟ. ಇನ್ನು ಇಪ್ಪತ್ತು ಕಿಲೋಮೀಟರು ತಾನೆ, ತಲುಪುತ್ತೇವೆ ಎಂದುಕೊಂಡು ಹಿಂದೆ ಬಂದೆ. ವಾರಿಜ ಕೇಳಿದಾಗ ಯಂತ್ರ ಹಾಳಾಗಿದೆ ಎಂದುಬಿಟ್ಟೆ.

ಕಂಬದಕೋಣೆಯಲ್ಲಿ ಕಾರು ಮೊದಲು ಆಮೆಯಾಯಿತು, ಆಮೇಲೆ ಕಲ್ಲಾಯಿತು. ಕೊನೆಗೆ ಬೈಂದೂರಿನ ಕಡೆಗೆ ಹೋಗುತ್ತಿದ್ದ ಒಂದು ಮೀನಿನ ಟೆಂಪೋ ನಮ್ಮನ್ನು ಹತ್ತಿಸಿಕೊಂಡಿತು. ವಾರಿಜ ಮುಂದೆ, ಮಡಿಲಲ್ಲಿ ಮಲ್ಲಿಗೆ. ನಾನು ಹಿಂದೆ, ಬಂಗುಡೆಯ ಪೆಟ್ಟಿಗೆಗಳ ನಡುವೆ, ರೇಷ್ಮೆ ಪಂಚೆಯಲ್ಲಿ. ನಾವು ಚಪ್ಪರ ಹೊಗುವಾಗ ಮುಹೂರ್ತ ಮೀರಬಾರದೆಂದು ಬೀಗರ ತಂಗಿ ಅಶ್ವಿನಿಗೆ ಹೂ ಮುಡಿಸಿ ಆಗಿತ್ತು. ವಾರಿಜ ಆ ಆರು ಚೆಂಡು ಮಲ್ಲಿಗೆಯನ್ನು ಬಂದ ಹೆಂಗಸರಿಗೆಲ್ಲ ತುಂಡು ತುಂಡು ಮಾಡಿ ಹಂಚಿದಳು, ನಗುನಗುತ್ತಲೇ. ಮನೆಗೆ ಬಂದ ಮೇಲೆ ಒಂದೇ ಮಾತು ಹೇಳಿದಳು:

“ಇನ್ನ್ ನಾ ಈ ಕಾರಲ್ಲ್ ಕೂಕಂಬುದಿಲ್ಲೆ.”

ಕೂರಲಿಲ್ಲ. ಅಶ್ವಿನಿಯನ್ನು ಹೆರಿಗೆಗೆ ಆಸ್ಪತ್ರೆಗೆ ಕರೆದೊಯ್ದದ್ದು ರಿಕ್ಷಾದಲ್ಲಿ. ಕುಂದಾಪುರದ ಒಂದು ಮದುವೆಗೆ ವಾರಿಜ ಬಸ್ಸಿನಲ್ಲಿ ಹೋದಳು. ನಾನು ಖಾಲಿ ಕಾರಿನಲ್ಲಿ ಆ ಬಸ್ಸಿನ ಹಿಂದೆಯೇ, ಪ್ರತಿ ಸ್ಟಾಪಿನಲ್ಲೂ ನಿಂತು ನಿಂತು ಹೋದೆ. ಮೊಮ್ಮಗಳು ಹುಟ್ಟಿ ಐದನೇ ತಿಂಗಳು ತುಂಬುವ ಹೊತ್ತಿಗೆ ಬಾಣಂತಿಯನ್ನೂ ಮಗುವನ್ನೂ ತೊಟ್ಟಿಲಿನ ಸಮೇತ ಬಿಜೂರಿಗೆ ಕಳಿಸಿಕೊಡುವ ಶಾಸ್ತ್ರ ಎದುರಾಯಿತು. ಅದಕ್ಕೆ ವಾರಿಜ ಬಾಡಿಗೆ ಕಾರು ಹೇಳುವ ಮಾತಾಡಿದಳು. ನನ್ನ ಮೊಮ್ಮಗಳು ಮೊದಲ ಸಲ ಅಪ್ಪನ ಮನೆಗೆ ಹೋಗುವುದು ಬಾಡಿಗೆಯ ಕಾರಿನಲ್ಲಿ! ಅಂದೇ ನಿರ್ಧರಿಸಿದೆ: ಹೊಸ ಕಾರು ಬರಬೇಕು, ಅದರಲ್ಲಿ ವಾರಿಜ ಕೂರಬೇಕು.

ಈಗಿನ ಹೊಸ ಕಾರುಗಳ ವಿಷಯ ನಿಮಗೂ ಗೊತ್ತಿರಬಹುದು. ನಮ್ಮದರ ಎರಡರಷ್ಟು ಓಡುವವು ಬಂದಿವೆ, ಇನ್ನೂ ಹೆಚ್ಚು ಓಡುವವು ಬರುತ್ತಲಿವೆ. ನನ್ನ ಕಣ್ಣಿದ್ದದ್ದು ಎಲ್ಲಕ್ಕಿಂತ ದೊಡ್ಡ ಬ್ಯಾಟರಿಯದರ ಮೇಲೆ. ನಡುವಿನ ಬ್ಯಾಟರಿಯದಕ್ಕಿಂತ ಅದಕ್ಕೆ ಮೂರು ಲಕ್ಷ ಹೆಚ್ಚು. ಅಷ್ಟು ಯಾಕೆ ಎಂದು ಕೇಳಿದವರಿಗೆಲ್ಲ ದೂರದ ಊರುಗಳ ಹೆಸರು ಹೇಳುತ್ತಿದ್ದೆ. ನಿಜಸಂಗತಿ ಬೇರೆ: ಅದೊಂದಿದ್ದರೆ ಮನೆಯಲ್ಲೇ ತುಂಬಿಸಿಕೊಂಡು, ಇಡೀ ಜೀವಮಾನದಲ್ಲಿ ಹೆದ್ದಾರಿಯ ಯಾವ ಯಂತ್ರಕ್ಕೂ ಎರಡೂವರೆ ಪಾಲು ಕೊಡಬೇಕಾಗಿಲ್ಲ. ನೂರೈವತ್ತನ್ನು ಉಳಿಸಲು ಮೂರು ಲಕ್ಷ ಖರ್ಚು ಮಾಡ ಹೊರಟ ಈ ಗಣಿತ ಆಗ ನನಗೆ ಪರಮ ಜಾಣತನವಾಗಿ ಕಂಡಿತ್ತು.

ಕೊಳ್ಳುವ ಮೊದಲು ಪರೀಕ್ಷೆ ಮಾಡದೆ ಬಿಡುವವನಲ್ಲ ನಾನು. ಶೋರೂಮಿನವರು ಫ್ಲೈಓವರಿನ ಕೆಳಗೊಂದು ಸುತ್ತು ಹಾಕಿಸಿ, ಹೇಗಿದೆ ಸಾರ್ ಎನ್ನುತ್ತಾರೆ. ನನ್ನ ಅಪ್ಪಯ್ಯ ಉಳುವ ಕೋಣ ಕೊಳ್ಳುವಾಗ ಹಲ್ಲು ಎಣಿಸಿ, ಗೊರಸು ನೋಡಿದ ಮೇಲೂ ನಂಬುತ್ತಿರಲಿಲ್ಲ. ನಮ್ಮದೇ ಕೆಸರಿಗೆ ಇಳಿಸಿ, ನೊಗ ಕಟ್ಟಿ, ಎರಡು ಸುತ್ತು ಹೊಡೆದ ಮೇಲೆಯೇ ಮುಂಗಡ. ‘ಮಾರುವವನ ಗದ್ದೆಲ್ ಎಲ್ಲಾ ಕ್ವಾಣವೂ ಓಡತ್ತ್’ ಎಂಬುದು ಅವರ ಮಾತು. ಅದೇ ನ್ಯಾಯದಿಂದ ನಾನು ಶೋರೂಮಿನ ಸುಧಾಕರ ಎಂಬವರ ಹತ್ತಿರ ಮೂರು ದಿನ ಕಾಡಿ, ದೊಡ್ಡ ಕಾರನ್ನು ಇಡೀ ಒಂದು ದಿನಕ್ಕೆ ಪಡೆದೆ. ನಲವತ್ತು ದಾಟಿದ, ತಾಳ್ಮೆಯೇ ಮೂರ್ತಿವೆತ್ತಂಥ ಮನುಷ್ಯ. ತಾನೂ ಜೊತೆಗೆ ಬರುತ್ತೇನೆಂದರು. ಅದೇ ಎರಡು ಹಂಡೆ ಹೇರಿಸಿದೆ. ಎಸಿ ಹಾಕಿಸಿದೆ. ಅಶ್ವಿನಿ ಹೇಳಿದ್ದಕ್ಕೆ, ಕಾರು ಬೇರೆಯದಾದ್ದರಿಂದ, ವಾರಿಜಳೂ ಬಂದು ಹಿಂದೆ ಕೂತಳು.

ಅಮಾಸೆಬೈಲಿನ ಏರು ಹತ್ತಿ ಇಳಿದೆವು. ಕುಂದಾಪುರ ದಾಟಿದೆವು. ಕಾರು ಆನೆಯ ಹಾಗೆ ನಡೆಯಿತು. ಚಾರ್ಜು ಅರ್ಧಕ್ಕಿಂತ ಹೆಚ್ಚೇ ಉಳಿದಿತ್ತು. ವಾರಿಜ ಕಿಟಕಿಯಿಂದ ಹೊರಗೆ ನೋಡುತ್ತ ಸಮಾಧಾನದಲ್ಲಿದ್ದುದು ಕನ್ನಡಿಯಲ್ಲಿ ಕಾಣುತ್ತಿತ್ತು. ಆಗ ಸುಧಾಕರ, ಬೇಗ ಚಾರ್ಜಾಗುವ ಚಂದವನ್ನು ಅಮ್ಮನಿಗೂ ಒಮ್ಮೆ ತೋರಿಸೋಣ ಎಂದು ಹೆಮ್ಮಾಡಿಯಲ್ಲಿ ನಿಲ್ಲಿಸಲು ಹೇಳಿದರು. ಬೇಡ ಎಂದೆ. ಗಂಟೆಯಾಯಿತು ಎಂದೆ. ಅವರು ಖರ್ಚು ಶೋರೂಮಿನದ್ದು ಎಂದಾಗ ನಾನು ಬೇಡವೆನ್ನಲು ಕಾರಣವೇ ಉಳಿಯಲಿಲ್ಲ. ಪುಕ್ಕಟೆ ಎಂಬ ಶಬ್ದ ಕೇಳಿದಾಗ ನನ್ನ ಕಾಲು ಬ್ರೇಕಿನ ಮೇಲೆ ತಾನಾಗಿ ಹೋಗುತ್ತದೆ.

ಯಂತ್ರದ ಪಕ್ಕದಲ್ಲಿ ಚಂದಕ್ಕ ಎಂಬಾಕೆಯ ಬೊಂಡದ ಗಾಡಿ. ಎಳನೀರನ್ನು ನಾವು ಬೊಂಡ ಎನ್ನುತ್ತೇವೆ. ನೆರಳಿಲ್ಲದ ಜಾಗ, ತಲೆಗೊಂದು ಅಡಿಕೆ ಹಾಳೆಯ ಮುಟ್ಟಾಳೆ ಇಟ್ಟು ಆಕೆ ನನ್ನನ್ನು ದಿಟ್ಟಿಸಿದಳು. ನಾನು ಮುಖವನ್ನು ಹೆದ್ದಾರಿಯ ಕಡೆಗೆ ತಿರುಗಿಸಿದೆ. ಪ್ರಯೋಜನವಾಗಲಿಲ್ಲ.

“ಹ್ವಾಯ್, ಅವತ್ತ್ ಮಿಷಿನ್ ರೇಟ್ ಕಂಡ್ ವಾಪಾಸ್ ಹೋದವ್ರ್ ನೀವೇ ಅಲ್ದಾ? ಇದ್ ಕರೆಂಟಾ ಬಂಗಾರವಾ, ಕಮ್ಮಿ ಆತ್ತಾ ಅಂದೇಳಿ ನನ್ ಹತ್ರ ಕೇಂಡಿರಿ. ಮಿಷಿನಿನ ಹತ್ರ ಚೌಕಾಸಿ ಮಾಡುಕೆ ಬಂದವ್ರ್ ಈ ಊರಂಗೆ ನೀವೊಬ್ರೆ ಕಾಣಿ.”

ಸುಧಾಕರ ನಕ್ಕರು. ವಾರಿಜ ನಗಲಿಲ್ಲ.

“ಅವತ್ತ್ ಮಿಷಿನ್ ಹಾಳಾಯಿತ್ತಾ?” ಎಂದು ಅವಳು ಚಂದಕ್ಕನನ್ನು ಕೇಳಿದಳು, ನನ್ನನ್ನಲ್ಲ.

“ಹಾಳಾ? ಇಲ್ಲಪ್ಪ. ಇವ್ರ್ ಹೋದ್ ಕೂಡ್ಲೆ ಮತ್ತೊಂದ್ ಕಾರ್ ಬಂದ್ ಹಾಕ್ಕಂಡ್ ಹೋಯ್ತಲೆ.”

ವಾರಿಜ ಬೊಂಡ ಕುಡಿದಳು. ಹೇಳಿದಷ್ಟು ಹಣವನ್ನು ಕೊಟ್ಟಳು, ಒಂದು ರೂಪಾಯಿ ಕಡಿಮೆ ಕೇಳದೆ. ನನ್ನ ಜೊತೆ ಬಾಳಿದ ಇಪ್ಪತ್ತೇಳು ವರ್ಷಗಳಲ್ಲಿ ಅವಳು ನನಗೆ ಕೊಟ್ಟ ಅತ್ಯಂತ ಕಠಿಣವಾದ ಉತ್ತರ ಅದು. ಕಾರು ಮತ್ತೆ ಹೊರಟು ಮರವಂತೆಯ ಕಡಲು ಎಡಕ್ಕೆ ಬಂದ ಮೇಲೆ ಬಾಯಿ ತೆರೆದಳು:

“ಅಷ್ಟ್ ದಿನ ನಾ ಆ ಕಾರಿಗೆ ಬೈದೆ. ಪಾಪ, ಅದೆಂತ ಮಾಡಿತ್ತ್? ಐನೂರ್ ಮೈಲಿ ಹೋಪು ಕಾರ್ ತಕಂಡ್ರೂ ನಿಲ್ಸುವಲ್ಲಿ ನೀವ್ ನಿಲ್ಸದಿದ್ರೆ, ಇನ್ನೊಂದ್ ಸಲ ಮೀನಿನ ಟೆಂಪೋವೇ ಸೈ.”

ಸುಧಾಕರ ರೇಡಿಯೋದ ಸದ್ದನ್ನು ಹೆಚ್ಚಿಸಿದರು. ನಾನು ಮಾರ್ಗದಲ್ಲೇ ದೃಷ್ಟಿ ನೆಟ್ಟಿದ್ದೆ. ಬೈಂದೂರು ದಾಟಿ ಒತ್ತಿನೆಣೆಯ ಏರನ್ನು ಹತ್ತುವಾಗ ಅಪ್ಪಯ್ಯನ ಪರೀಕ್ಷೆಯ ಇನ್ನೊಂದು ಮಗ್ಗುಲು ಹೊಳೆಯಿತು: ನಮ್ಮ ಗದ್ದೆಯಲ್ಲಿ ನೊಗ ಕಟ್ಟಿದಾಗ ಗೊತ್ತಾಗುವುದು ಕೋಣದ ಗುಣ ಮಾತ್ರವಲ್ಲ, ಹೂಡುವವನದ್ದೂ. ಎಲ್ಲಿ ನಿಲ್ಲಿಸಿ ನೀರು ಕುಡಿಸಬೇಕೆಂದು ತಿಳಿಯದವನ ಕೈಗೆ ಎಂಥ ಕೋಣ ಸಿಕ್ಕರೂ ಅದು ಅರ್ಧ ಗದ್ದೆಯಲ್ಲಿ ಮಲಗುತ್ತದೆ. ಏರಿನ ತುದಿ ಮುಟ್ಟಿ ತಿರುಗುವ ಹೊತ್ತಿಗೆ ತಪ್ಪಾಯಿತು ಎಂದೆ. ಚೌಕಾಸಿಯಿಲ್ಲದೆ, ಪೂರ್ತಿ ಬೆಲೆಗೆ. ಬ್ರಹ್ಮಾವರದಲ್ಲಿ ಇಳಿದ ವಾರಿಜ ನನ್ನ ಹಳೆಯ ಕಾರಿನ ಬಾನೆಟ್ಟಿನ ಮೇಲೆ ಒಮ್ಮೆ ಕೈಯಾಡಿಸಿ, ಚಾರ್ಜಿಗೆ ಹಣ ಕಟ್ಟುವ ಆ್ಯಪನ್ನು ತನ್ನ ಫೋನಿಗೆ ಹಾಕಿಕೊಡಲು ಹೇಳಿ ಒಳಗೆ ಹೋದಳು. ಇನ್ನು ಎಲ್ಲಿ ನಿಲ್ಲಬೇಕೆಂದು ಹೇಳುವವಳು ಅವಳು ಎಂಬುದು ಅದರ ತಾತ್ಪರ್ಯ.

ದೊಡ್ಡದನ್ನು ಬಿಟ್ಟು ನಡುವಿನ ಕಾರನ್ನು ಬುಕ್ ಮಾಡಿದ್ದೇನೆ. ನಮ್ಮ ಮೂರು ತಾಲೂಕಿನ ಓಡಾಟಕ್ಕೆ ಅದು ಧಾರಾಳ ಸಾಕು. ಅದರಾಚೆಗೆ ಮಾರ್ಗದಲ್ಲಿ ಯಂತ್ರಗಳಿವೆ. ಅದು ಕೈಗೆ ಬರಲು ಇನ್ನೂ ಎರಡು ತಿಂಗಳಿದೆ. ಆದರೆ ತೊಟ್ಟಿಲಿನ ಶಾಸ್ತ್ರ ಕಾಯಲಿಲ್ಲ. ಮೊನ್ನೆ ಅಶ್ವಿನಿ, ಮಗು, ತೊಟ್ಟಿಲು, ವಾರಿಜ ಎಲ್ಲರೂ ಬಿಜೂರಿಗೆ ಹೋದದ್ದು ನಮ್ಮ ಹಳೆಯ ಕಾರಿನಲ್ಲೇ. ಹೆಮ್ಮಾಡಿಗೆ ಬರುವಾಗ ಶೇಕಡಾ ಎಪ್ಪತ್ತಿತ್ತು. ಯಾವ ಲೆಕ್ಕದಲ್ಲಿ ನೋಡಿದರೂ ನಿಲ್ಲುವ ಅಗತ್ಯವಿರಲಿಲ್ಲ. ವಾರಿಜ ನಿಲ್ಲಿಸಿ ಎಂದಳು, ನಿಲ್ಲಿಸಿದೆ. ಎರಡೂವರೆ ಪಾಲು ಕೊಟ್ಟು ಅರ್ಧ ಗಂಟೆ ತುಂಬಿಸಿದೆವು. ಮಗು ಅಷ್ಟೂ ಹೊತ್ತು ನಿದ್ದೆ ಮಾಡಿತು. ಚಂದಕ್ಕನ ಬೊಂಡಕ್ಕೆ ಐದು ರೂಪಾಯಿ ಏರಿತ್ತು. ಬಾಯಿ ತೆರೆದೆ, ಹಿಂದಿನ ಸೀಟಿನಿಂದ ವಾರಿಜ ನೋಡುತ್ತಿದ್ದಳು, ತೆರೆದ ಬಾಯಿಗೆ ಸ್ಟ್ರಾ ಇಟ್ಟುಕೊಂಡೆ. ಬಿಜೂರಿನ ಅಂಗಳಕ್ಕೆ ಮುಹೂರ್ತಕ್ಕಿಂತ ಒಂದು ಗಂಟೆ ಮೊದಲೇ ತಲುಪಿದೆವು. ಮಗುವನ್ನು ಎತ್ತಿಕೊಂಡು ಮೊದಲು ಹೊಸ್ತಿಲು ದಾಟಿದವಳು ವಾರಿಜ. ಅವಳ ತಲೆಯಲ್ಲಿ ಮಲ್ಲಿಗೆ ಇನ್ನೂ ಮೊಗ್ಗಾಗಿಯೇ ಇತ್ತು.

ಆದ್ದರಿಂದ ಓದುಗ ಮಹಾಶಯರೇ, ನೀವೂ ಹೊಸ ಕಾರಿನ ಯೋಚನೆಯಲ್ಲಿದ್ದರೆ ಕೇಳಿ. ಕಂಪನಿ ಹೇಳಿದ ಕಿಲೋಮೀಟರಿನಲ್ಲಿ ಮೂರನೇ ಒಂದು ಪಾಲನ್ನು ಕಣ್ಣುಮುಚ್ಚಿ ಕಳೆಯಿರಿ. ಉಳಿದದ್ದರಲ್ಲೂ ಐದನೇ ಒಂದನ್ನು ಮುಟ್ಟದೆ ಇಡಿ. ನಿಮ್ಮದೇ ಮಾರ್ಗದಲ್ಲಿ, ನಿಮ್ಮದೇ ಹೊರೆ ಹೇರಿ, ಮನೆಯವರನ್ನು ಕೂರಿಸಿ ಓಡಿಸಿ ನೋಡದೆ ಮುಂಗಡ ಕೊಡಬೇಡಿ. ಅತಿ ದೊಡ್ಡ ಬ್ಯಾಟರಿ ಬೇಕು ಅನ್ನಿಸಿದರೆ, ಯಾಕೆ ಬೇಕೆಂದು ಗಟ್ಟಿಯಾಗಿ ಹೆಂಡತಿಯ ಎದುರು ಒಮ್ಮೆ ಹೇಳಿ ನೋಡಿ. ಹೇಳಲು ಬಾಯಿ ಬಾರದಿದ್ದರೆ ಅದು ಬೇಡ. ಶೋರೂಮಿನವರ ಹತ್ತಿರ ಎಷ್ಟು ಬೇಕಾದರೂ ಚೌಕಾಸಿ ಮಾಡಿ, ಅವರು ಅದಕ್ಕೆಂದೇ ಕುಳಿತಿದ್ದಾರೆ. ಮಾರ್ಗದ ಯಂತ್ರದ ಹತ್ತಿರ ಮಾಡಬೇಡಿ. ಮತ್ತು ಕೈಕುಲುಕಿದ ಮೇಲೆ ಕೊನೆಯದಾಗಿ ಒಂದು ಕೊಡೆ ಕೇಳಿ. ಕೈಯಲ್ಲಿ ಹಿಡಿಯುವ ಸಣ್ಣದಲ್ಲ, ನೆಲಕ್ಕೆ ಊರುವ ದೊಡ್ಡದು. ಇದ್ದೇ ಇರುತ್ತದೆ, ಕೊಡುತ್ತಾರೆ. ಈ ಸಲ ಬುಕ್ ಮಾಡಿದ ದಿನ ನಾನು ಕೇಳಿ ತಂದದ್ದು ಈಗ ಹೆಮ್ಮಾಡಿಯಲ್ಲಿ ಚಂದಕ್ಕನ ಗಾಡಿಯ ಮೇಲಿದೆ. ನೀವು ಅಲ್ಲಿ ನಿಂತಾಗ ಅದರ ನೆರಳಿನಲ್ಲಿ ಕೂತು ಒಂದು ಬೊಂಡ ಕುಡಿಯಿರಿ, ಆಕೆ ಹೇಳಿದಷ್ಟೇ ಕೊಡಿ.