ಯಾವೂರು ಅಂದರೆ ಸಿಂಧನೂರು

ನನ್ನ ತಾಯಿಯನ್ನು ಯಾರಾದರೂ ಯಾವೂರು ಎಂದು ಕೇಳಿದರೆ ಉತ್ತರ ಒಂದೇ: ಸಿಂಧನೂರು. ಬಸ್ಸಿನಲ್ಲಿ ಕೇಳಿದರೂ ಅದೇ, ಆಸ್ಪತ್ರೆಯಲ್ಲಿ ಕೇಳಿದರೂ ಅದೇ. ನಾವಿರುವ ನಿರಾಶ್ರಿತರ ಆರ್.ಎಚ್. ಕ್ಯಾಂಪ್ ಎಂದು ಸಹ ಬಾಯಿ ಬಿಡುವುದಿಲ್ಲ. ಕ್ಯಾಂಪ್ ಅಂದರೆ ಸಾಕು, ಬಂಗಾಲಿಯವರೇನ್ರೀ ಎನ್ನುತ್ತಾರೆ. ಆಮೇಲೆ ಯಾವಾಗ ಬಂದಿರಿ, ಯಾಕೆ ಬಂದಿರಿ ಎಂದು ಪ್ರಶ್ನೆಗಳ ಸಾಲು ಹಚ್ಚುತ್ತಾರೆ. ಈ ಉಪಾಯ ಕಲಿಸಿದವರು ಬಾಬಾ, ಅಂದರೆ ನನ್ನ ಅಪ್ಪ. ಮಾ ಅದನ್ನು ಎಷ್ಟು ಚೆನ್ನಾಗಿ ಕಲಿತಳೆಂದರೆ, ಕಡೆಗೆ ಅದೇ ನಮಗೆ ತಿರುಗಿ ಬಿತ್ತು.

ಮಾ ಹುಟ್ಟಿದ್ದು ಗಡಿಯಾಚೆ, ಖುಲ್ನಾ ಕಡೆಯ ಒಂದು ಹಳ್ಳಿಯಲ್ಲಿ. ಇನ್ನೂ ಲಂಗ ಹಾಕುವ ವಯಸ್ಸಿನಲ್ಲಿ ತನ್ನ ಅಪ್ಪನ ಕೈ ಹಿಡಿದು ಈ ಕಡೆಗೆ ಬಂದಳು. ಸರಕಾರ ಅವರನ್ನು ರೈಲು ಹತ್ತಿಸಿ, ಲಾರಿ ಹತ್ತಿಸಿ, ಸಿಂಧನೂರಿನ ಹತ್ತಿರದ ಜಾಲಿಕಂಟಿಯ ನೆಲದಲ್ಲಿ ಇಳಿಸಿತು. ಅದೇ ನೆಲಕ್ಕೆ ಕಾಲುವೆಯ ನೀರು ಬಂತು, ಅದೇ ನೆಲದಲ್ಲಿ ನಮ್ಮವರು ಭತ್ತ ಬೆಳೆದರು. ನಾನು ಇಲ್ಲೇ ಹುಟ್ಟಿದ್ದರಿಂದ ಹುಟ್ಟುತ್ತಲೇ ಭಾರತೀಯಳಾದೆ. ಈಗ ಮಸ್ಕಿಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಸಂಧಿ ಸಮಾಸಗಳಲ್ಲಿ ನನ್ನನ್ನು ಯಾರೂ ಅಲ್ಲಾಡಿಸಲಾರರು, ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ಆದರೆ ಕನ್ನಡ ಮೇಡಂನ ತಾಯಿ ಮಾತ್ರ ಕಾಗದದ ಮೇಲೆ ವಿದೇಶಿ. ಬಾಬಾ ಹಾಗೆಯೇ ತೀರಿಕೊಂಡರು. ಮಾ ಹಾಗೆ ಹೋಗಬಾರದು ಎಂಬುದು ನನ್ನ ಹಟವಾಗಿತ್ತು. ಬಾಯಿ ಬಿಟ್ಟು ಹೇಳದಿದ್ದರೂ ಅವಳದೂ ಅದೇ ಆಸೆ.

ಹೊಸ ಕಾನೂನು ಬಂದು, ನಮ್ಮಂಥವರು ಪೌರತ್ವಕ್ಕೆ ಅರ್ಜಿ ಹಾಕಬಹುದು ಎಂದಾಗ ಕ್ಯಾಂಪಿನಲ್ಲಿ ಹಬ್ಬದ ಸಡಗರ. ನಾನು ಶಾಲೆ ಮುಗಿಸಿ ಮಸ್ಕಿಯಿಂದ ಬಸ್ಸು ಹಿಡಿದು ಬಂದು, ಲ್ಯಾಪ್‌ಟಾಪ್ ತೆರೆದು ಮಾ ಎದುರು ಕೂತೆ. ಆರಂಭದಲ್ಲೇ ಗಾಡಿ ಸಿಕ್ಕಿಕೊಂಡಿತು. ಈ ದೇಶದವಳಾಗಬೇಕಾದರೆ, ತಾನು ಬೇರೆ ದೇಶದವಳು ಎಂದು ಮೊದಲು ಒಪ್ಪಿಕೊಳ್ಳಬೇಕಿತ್ತು.

ಮನೆಯಲ್ಲಿ ನಮ್ಮ ಮಾತು ಬಂಗಾಲಿ. ಸಿಟ್ಟು ಬಂದರೆ ಮಾತ್ರ ಮಾ ಕನ್ನಡಕ್ಕೆ ಇಳಿಯುತ್ತಾಳೆ. ಬೈಯುವುದಕ್ಕೆ ಬಂಗಾಲಿ ತೀರಾ ಮೆತ್ತಗೆ ಎಂದು ಅವಳ ಅಭಿಪ್ರಾಯ.

"ಹೊರದೇಶದಾಕಿ ಅಂತ ನಾ ಬರಕೊಡಬೇಕಾ? ಜಾಲಿ ಮುಳ್ಳು ಕಿತ್ತು ಕಿತ್ತು ಈ ಕೈ ಕಲ್ಲಾಗ್ಯಾವ. ಅವಾಗ ಎಲ್ಲಿ ಹೋಗಿತ್ತು ಬೇ ನಿನ್ನ ಸರಕಾರ?"

"ಒಂದು ಸಾರಿ ಹೇಳಿಬಿಡು ಮಾ, ಆಮೇಲೆ ಸಾಯುವತನಕ ಹೇಳುವುದು ಬೇಡ," ಎಂದೆ. ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ಬಾಬಾನ ಫೋಟೊ ಒರೆಸುತ್ತ, ನನ್ನ ಮುಖ ನೋಡದೆ, "ಹಾಕು," ಅಂದಳು.

ಮುಂದಿನದನ್ನು ಹೇಳುವ ಮೊದಲು ನಮ್ಮ ಉಲುವಿನ ವಿಷಯ ಹೇಳಬೇಕು. ಶುಭಕಾರ್ಯವಾದಾಗ ನಮ್ಮ ಹೆಂಗಸರು ಬಾಯೊಳಗೆ ನಾಲಿಗೆ ಆಡಿಸುತ್ತ ಒಟ್ಟಾಗಿ ಗಟ್ಟಿಯಾಗಿ ಒಂದು ಕೂಗು ಎಬ್ಬಿಸುತ್ತಾರೆ. ಅದೇ ಉಲು. ಒಬ್ಬಳು ಎತ್ತಿದರೆ ಉಳಿದವರು ದನಿಗೂಡಿಸಲೇಬೇಕು. ನನ್ನ ಮದುವೆಗೆ ಲಿಂಗಸುಗೂರಿನಿಂದ ಬಂದ ಗಂಡಿನ ಕಡೆಯವರಿಗೆ ಇದು ಗೊತ್ತಿರಲಿಲ್ಲ. ತಲೆಯ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೆ ಉಲು ಎದ್ದದ್ದೇ ತಡ, ನನ್ನ ಅತ್ತೆ ಎದೆ ಹಿಡಿದುಕೊಂಡು, "ಅಯ್ಯ ಶಿವನ, ಯಾರಿಗೇನಾತು?" ಎಂದು ಎದ್ದು ನಿಂತಿದ್ದರು. ಅವತ್ತು ಉಲು ಎತ್ತಿದವಳು ಮಾ. ಇಡೀ ಕ್ಯಾಂಪಿನಲ್ಲಿ ಅವಳಷ್ಟು ಉದ್ದಕ್ಕೆ ಉಸಿರು ಹಿಡಿಯುವವರು ಇನ್ನೊಬ್ಬರಿರಲಿಲ್ಲ. ಬಾಬಾ ಹೋದ ಮೇಲೆ ಅದು ನಿಂತಿತು. ನಮ್ಮಲ್ಲಿ ವಿಧವೆಯರು ಉಲು ಹಾಕುವುದಿಲ್ಲ. ಮದುವೆಗಳಲ್ಲಿ ಮಾ ಹಿಂದೆ ಗೋಡೆಗೆ ಒರಗಿ, ತುಟಿ ಬಿಗಿದುಕೊಂಡು ನಿಲ್ಲುತ್ತಿದ್ದಳು. ಅದನ್ನು ನೋಡಿದಾಗೆಲ್ಲ ನನಗೆ ಮೈ ಉರಿಯುತ್ತಿತ್ತು.

ಅರ್ಜಿ ಹಾಕಿ ತಿಂಗಳುಗಳಾದ ಮೇಲೆ ವಿಚಾರಣೆಗೆ ಕರೆ ಬಂತು. ಅಧಿಕಾರಿಗಳು ಸಿಂಧನೂರಿಗೇ ಬಂದು ಒಂದು ಕಚೇರಿಯಲ್ಲಿ ಕೂತಿದ್ದರು. ಹೊರಗಿನ ಪಡಸಾಲೆಯ ತುಂಬ ಕ್ಯಾಂಪಿನವರು; ಅರ್ಧದಷ್ಟು ಮುದುಕಿಯರೇ, ಹೆಚ್ಚಿನವರು ಬಿಳಿ ಸೀರೆಯ ವಿಧವೆಯರು. ಮಾ ಇಸ್ತ್ರಿ ಮಾಡಿದ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು ಒಳಗೆ ಬಂದಳು. ದಾರಿಯುದ್ದಕ್ಕೂ ನಾನು ಪಾಠ ಹೇಳಿಕೊಟ್ಟಿದ್ದೆ. ಖುಲ್ನಾ ಅಂತ ಹೇಳು ಮಾ, ಖುಲ್ನಾ.

ಅಧಿಕಾರಿ ದಕ್ಷಿಣದ ಕಡೆಯವರು, ಸಮಾಧಾನದ ಮನುಷ್ಯ. "ಅಮ್ಮಾ, ನಿಮ್ಮೂರು ಯಾವುದು?" ಎಂದು ಕೇಳಿದರು.

"ಸಿಂಧನೂರ್ ರೀ," ಅಂದಳು ಮಾ. ಮೈಯಲ್ಲಿ ಊರಿದ ಅಭ್ಯಾಸ, ಒಂದು ಕ್ಷಣ ಸಹ ತಡೆಯಲಿಲ್ಲ.

ಅಧಿಕಾರಿ ಪೆನ್ನು ಕೆಳಗಿಟ್ಟರು. "ನೀವು ಇಲ್ಲಿಯವರೇ ಆದರೆ ಅರ್ಜಿ ಯಾಕೆ ಹಾಕಿದ್ರಿ?"

"ಅದನ್ನ ನಿಮ್ಮನ್ನ ಕೇಳಾಕಂತನ ಬಂದೀನ್ರೀ ಸಾಹೇಬ್ರ."

ಪಕ್ಕದ ಗುಮಾಸ್ತ ನಕ್ಕುಬಿಟ್ಟ. ಅಧಿಕಾರಿ ನಗಲಿಲ್ಲ. "ನಿಮ್ಮ ಮಾತು ಕೇಳಿದರೆ ಹೊರಗಿಂದ ಬಂದವರು ಅಂತ ಯಾರೂ ಅನ್ನಲ್ಲ. ಹುಟ್ಟಿದ್ದು ಎಲ್ಲಿ ಅಂತ ನಿಮ್ಮ ಬಾಯಿಂದಲೇ ಬರಬೇಕು. ಇಲ್ಲದಿದ್ದರೆ ನಾನು ಈ ಫೈಲನ್ನು ವಾಪಸ್ ಕಳಿಸಬೇಕಾಗುತ್ತೆ." ನಾನು ಬಾಯಿ ತೆರೆದೆ, ಅವರು ಕೈಯೆತ್ತಿ ತಡೆದರು.

ಮಾ ತನ್ನ ಅಂಗೈ ನೋಡಿಕೊಂಡಳು. "ಸಸಿ ಹಾಕೂದು ಒಂದ್ ಮಡ್ಯಾಗ, ಕಿತ್ತು ನಾಟಿ ಹಚ್ಚೂದು ಇನ್ನೊಂದ್ ಗದ್ಯಾಗ. ತೆನಿ ಬಂದ ಮ್ಯಾಲೆ ನೆಲ್ಲು ಯಾವ ಗದ್ದಿದಂತ ಹೇಳ್ತೀರಿ?"

"ಅಮ್ಮಾ, ಭತ್ತದ ವಿಷಯ ಫೈಲಿನಲ್ಲಿ ಬರೆಯೋಕೆ ಆಗಲ್ಲ. ಊರಿನ ಹೆಸರು ಹೇಳಿ."

ಆಗ ಹೇಳಿದಳು. ಖುಲ್ನಾ ಅಂದಳು, ಹಳ್ಳಿಯ ಹೆಸರು ಹೇಳಿದಳು, ಮನೆಯ ಹಿಂದಿನ ಕೊಳ ಹೇಳಿದಳು, ಅಪ್ಪನ ಹೆಗಲ ಮೇಲೆ ಕೂತು ಹೊಳೆ ದಾಟಿದ್ದು ಹೇಳಿದಳು. ನನಗೆ ಸಹ ಎಂದೂ ಹೇಳದೆ ಇದ್ದದ್ದನ್ನು ಯಾರೋ ಅಪರಿಚಿತನ ಎದುರು ಹೇಳುತ್ತ ಹೋದಳು. ಅವಳ ದನಿ ಒಂದು ಕಡೆಯೂ ನಡುಗಲಿಲ್ಲ. ನನ್ನ ಕಣ್ಣೇ ತುಂಬಿ ಬಂತು. ಗುಮಾಸ್ತ ಬರೆದುಕೊಂಡ. ಆಮೇಲೆ ಅಧಿಕಾರಿ ಎದ್ದು ನಿಂತು, ಈ ದೇಶಕ್ಕೆ ನಿಷ್ಠಳಾಗಿರುತ್ತೇನೆ ಎಂಬ ಪ್ರಮಾಣವಚನವನ್ನು ಒಂದೊಂದೇ ಸಾಲು ಓದಿದರು. ಮಾ ಕೈ ಜೋಡಿಸಿ ಸ್ಪಷ್ಟವಾದ ಕನ್ನಡದಲ್ಲಿ ಹೇಳಿದಳು. ನನ್ನ ವಿದ್ಯಾರ್ಥಿಗಳಲ್ಲಿ ಅಷ್ಟು ಚೆನ್ನಾಗಿ ಹೇಳುವವರು ಕಡಿಮೆ.

"ಮುಗೀತಮ್ಮಾ, ಹೋಗಬಹುದು," ಅಂದರು.

ಮಾ ಹೋಗಲಿಲ್ಲ. ಸೆರಗು ಸರಿಮಾಡಿಕೊಂಡು, ಕತ್ತು ಮೇಲೆತ್ತಿ, ಉಲು ಹಾಕಿದಳು.

ಕಚೇರಿಯ ಗೋಡೆಗಳೆಲ್ಲ ಮೊಳಗಿದವು. ಗುಮಾಸ್ತ ಕುರ್ಚಿ ಉರುಳಿಸಿಕೊಂಡು ಎದ್ದ. ಜವಾನ, ಲಿಂಗಸುಗೂರು ಕಡೆಯ ಗುರುಗುಂಟಾದವನು, ನೀರಿನ ತಂಬಿಗೆ ಹಿಡಿದು ಓಡಿ ಬಂದ. "ಏನಾತ್ರೀ ಅಮ್ಮಗ?"

"ಏನೂ ಆಗಿಲ್ಲ, ಶುಭ ಆಗಿದೆ," ಎನ್ನಲು ಹೋದೆ. ನನ್ನ ಮಾತು ಯಾರಿಗೂ ಕೇಳಿಸಲಿಲ್ಲ. ಹೊರಗಿನಿಂದ ಒಂದು ದನಿ ಕೂಡಿತ್ತು, ಮತ್ತೊಂದು ಕೂಡಿತು, ಆಮೇಲೆ ಪಡಸಾಲೆಯ ಬಿಳಿ ಸೀರೆಗಳೆಲ್ಲ ಒಟ್ಟಿಗೆ ಎತ್ತಿದವು. ಎಷ್ಟೋ ವರ್ಷಗಳಿಂದ ಬಾಯಿ ಬಿಗಿದುಕೊಂಡಿದ್ದ ಹೆಂಗಸರು ಅವರು. ಅಧಿಕಾರಿ ಬಾಗಿಲಿಗೆ ಬಂದು, ನಿಲ್ಲಿಸಿ ಎನ್ನದೆ, ಮುಗಿಯುವ ತನಕ ನಿಂತರು. ನನ್ನ ಜೀವಮಾನದಲ್ಲಿ ಅಷ್ಟು ಬೀಗಿದ್ದು ಇನ್ನೊಂದು ದಿನವಿಲ್ಲ.

ಪೌರತ್ವದ ಪ್ರಮಾಣಪತ್ರ ಬಂದದ್ದು ಬಹಳ ತಡವಾಗಿ. ಮಾ ಅದಕ್ಕಾಗಿ ಕಾಯುತ್ತ ಕೂರಲಿಲ್ಲ. ವಿಚಾರಣೆಯಾದ ಸ್ವಲ್ಪ ದಿನಕ್ಕೇ ಓಣಿಯ ಮದುವೆಯೊಂದರಲ್ಲಿ ಉಲು ಹಾಕಲು ಗೋಡೆ ಬಿಟ್ಟು ಮುಂದಿನ ಸಾಲಿಗೆ ಬಂದು ನಿಂತಳು. ಹಿರಿಯರೊಬ್ಬರು, ವಿಧವೆ ಹಿಂದೆ ಸರಿಯಬೇಕು ಎಂದು ಬಂಗಾಲಿಯಲ್ಲಿ ಮೆಲ್ಲಗೆ ಅಂದರು. ಮಾ ಕನ್ನಡಕ್ಕೆ ಇಳಿದಳು.

"ಸರಕಾರದ ಮುಂದ ಹಾಕಿ ಬಂದೀನಿ. ನಿನ್ನ ಮುಂದ ಹಾಕಾಕ ಏನಾಗೈತಿ ನನಗ?"